ಮಾತ್ರೆ ತಗೊಂಡರಾ, ಮರೆತರಾ? ತಂಗಿಗೆ ಲೀಡ್ಸ್‌ನಿಂದ ಪತ್ರ

ಲೀಡ್ಸ್, ಇಂಗ್ಲೆಂಡ್, ನವೆಂಬರ್ ಕೊನೆಯ ವಾರ

ಪ್ರೀತಿಯ ಪುಟ್ಟಿ,

ಅಪ್ಪ, ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ನಾನು ಚೆನ್ನಾಗಿದ್ದೇನೆ. ಇಲ್ಲಿ ಈಗ ಸಂಜೆ 4 ಗಂಟೆಗೆಲ್ಲ ಕತ್ತಲಾಗುತ್ತದೆ. ಅಮ್ಮ ಕಳಿಸಿದ ಚಟ್ನಿಪುಡಿ ಇನ್ನೂ ಇದೆ, ಚಿಂತೆ ಮಾಡಬೇಡ ಅಂತ ಹೇಳು.

ನೀನು ಓಇಟಿಗೆ, ಅಂದರೆ ನರ್ಸ್, ಡಾಕ್ಟರುಗಳಿಗಿರುವ ಇಂಗ್ಲಿಷ್ ಪರೀಕ್ಷೆಗೆ, ಓದುತ್ತಿರುವುದು ಕೇಳಿ ತುಂಬಾ ಖುಷಿಯಾಯಿತು. ಯಾವ ಕ್ರಿಯಾಪದ ಆದ ಮೇಲೆ 'ಟು' ಬರುತ್ತದೆ, ಯಾವುದಕ್ಕೆ 'ಇಂಗ್' ಬರುತ್ತದೆ ಅಂತ ಪಟ್ಟಿ ಬಾಯಿಪಾಠ ಮಾಡುತ್ತಿದ್ದೀಯಂತೆ. ವಾಂಟ್, ಹೋಪ್, ಡಿಸೈಡ್, ಅಗ್ರೀ, ರೆಫ್ಯೂಸ್ ಜೊತೆ 'ಟು'. ಎಂಜಾಯ್, ಅವಾಯ್ಡ್, ಫಿನಿಶ್ ಜೊತೆ 'ಇಂಗ್'. ಇದನ್ನು ಕಲಿತುಬಿಡು, ಕಷ್ಟ ಇಲ್ಲ. ಆದರೆ ಆಸ್ಪತ್ರೆಯ ವಾರ್ಡಿನಲ್ಲಿ ನಿಜವಾಗಿ ಮೈಯೆಲ್ಲ ಕಿವಿಯಾಗಿ ಕೇಳಬೇಕಾದದ್ದು ಎರಡನ್ನೂ ಸೇರಿಸಿಕೊಳ್ಳುವ ಕೆಲವೇ ಕ್ರಿಯಾಪದಗಳನ್ನು.

ವಯಸ್ಸಾದವರೊಬ್ಬರು 'ಐ ಫರ್ಗಾಟ್ ಟು ಟೇಕ್ ಮೈ ಟ್ಯಾಬ್ಲೆಟ್' ಅಂದರೆ ಮಾತ್ರೆ ಇನ್ನೂ ಪ್ಯಾಕೆಟ್ಟಿನಲ್ಲೇ ಇದೆ. 'ಐ ಫರ್ಗಾಟ್ ಟೇಕಿಂಗ್ ಇಟ್' ಅಂದರೆ ನುಂಗಿಯಾಗಿದೆ, ನುಂಗಿದ್ದು ನೆನಪಿಲ್ಲ. ಎರಡನೆಯದನ್ನು ಜನ ಅಷ್ಟಾಗಿ ಬಳಸುವುದಿಲ್ಲ. 'ಐ ಡೋಂಟ್ ರಿಮೆಂಬರ್ ಟೇಕಿಂಗ್ ಇಟ್' ಅನ್ನುವುದೇ ಜಾಸ್ತಿ. ಅದನ್ನು ಕೇಳಿ 'ತಗೊಂಡಿಲ್ಲ' ಅಂದುಕೊಂಡು ಇನ್ನೊಂದು ಮಾತ್ರೆ ಕೊಡುವ ಹಾಗಿಲ್ಲ, ಚಾರ್ಟ್ ನೋಡಲೇಬೇಕು. ರಕ್ತ ತೆಳುವಾಗಿಸುವ ಮಾತ್ರೆ ಎರಡು ಸಲ ಹೋದರೆ ಏನಾಗಬಹುದು ಅಂತ ನಿನಗೆ ಗೊತ್ತೇ ಇದೆ. 'ಸ್ಟಾಪ್' ಕೂಡ ಹೀಗೇ. 'ಸ್ಟಾಪ್ಡ್ ಟೇಕಿಂಗ್' ಅಂದರೆ ಮಾತ್ರೆ ಬಿಟ್ಟೇಬಿಟ್ಟರು. 'ಸ್ಟಾಪ್ಡ್ ಟು ಟೇಕ್' ಅಂದರೆ ಮಾಡುತ್ತಿದ್ದ ಕೆಲಸ ನಿಲ್ಲಿಸಿ ಮಾತ್ರೆ ತಗೊಂಡರು.

ಇದು ನಮಗೆ ಹೊಸದೇನೂ ಅಲ್ಲ, ಪುಟ್ಟಿ. 'ಮಾತ್ರೆ ತಗೊಳ್ಳೋಕೆ ಮರೆತೆ', 'ಮಾತ್ರೆ ತಗೊಂಡಿದ್ದೇ ಮರೆತೆ' ಅಂತ ಅಜ್ಜಿ ಹೇಳುತ್ತಿರಲಿಲ್ವಾ? ನಮ್ಮ 'ತಗೊಳ್ಳೋಕೆ' ಬಂದದ್ದು 'ತೆಗೆದುಕೊಳ್ಳುವುದಕ್ಕೆ' ಎಂಬುದರಿಂದ, ಅದರಲ್ಲಿರುವ 'ಕ್ಕೆ' ಚತುರ್ಥಿ ವಿಭಕ್ತಿ. ಹಳೆಯ ಇಂಗ್ಲಿಷಿನಲ್ಲೂ 'ಟು' ಆದ ಮೇಲೆ ಕ್ರಿಯಾಪದದ ಕೊನೆ ಬದಲಾಗಿ ಚತುರ್ಥಿಯ ರೂಪವೇ ಬರುತ್ತಿತ್ತು. 'ಟು' ಅಂದರೆ 'ಕಡೆಗೆ'. ಅದಕ್ಕೇ ಅದು ಸಾಮಾನ್ಯವಾಗಿ ಮುಂದೆ ಆಗಬೇಕಾದ ಕೆಲಸದ ಕಡೆ ಕೈ ತೋರಿಸುತ್ತದೆ. ಬಯಕೆ, ನಿರ್ಧಾರ, ಒಪ್ಪಿಗೆ, ನಿರಾಕರಣೆಗಳ ಜೊತೆ 'ಟು' ಬರುವುದಕ್ಕೂ ಇದೇ ಕಾರಣ ಅಂತ ನನಗನಿಸುತ್ತದೆ. ಇದು ಗೊತ್ತಾದ ಮೇಲೆ ಪಟ್ಟಿ ಅರ್ಧಕ್ಕರ್ಧ ತಾನೇ ನೆನಪಿರುತ್ತದೆ.

ಪಾಳಿ ಬದಲಾಗುವಾಗಿನ ಹ್ಯಾಂಡೋವರ್‌ನಲ್ಲಿ 'ಮ್ಯಾನೇಜ್ಡ್ ಟು' ಅನ್ನುವುದು ಬಹಳ ಕೇಳುತ್ತದೆ. 'ಷೀ ಮ್ಯಾನೇಜ್ಡ್ ಟು ವಾಕ್' ಅಂದರೆ ಕಷ್ಟಪಟ್ಟಾದರೂ ನಡೆದರು. 'ಷೀ ಟ್ರೈಡ್ ಟು ವಾಕ್' ಅಂದರೆ ನಡೆಯೋಕೆ ನೋಡಿದರು. ನಡೆದರೋ ಇಲ್ಲವೋ ಆ ಮಾತಿನಿಂದ ತಿಳಿಯದು, ಹೆಚ್ಚಾಗಿ ಆಗಲಿಲ್ಲ ಅಂತಲೇ ಅರ್ಥ.

ಇನ್ನು ಬಾಯಿಮಾತು. ಇಲ್ಲಿಯವರು 'ಐ ವಿಲ್ ಟ್ರೈ ಅಂಡ್ ರಿಂಗ್ ಯೂ' ಅನ್ನುತ್ತಾರೆ. ತಪ್ಪು ಅಂದುಕೊಳ್ಳಬೇಡ, ಇದು ನೂರಾರು ವರ್ಷಗಳಿಂದ ಇರುವ ಬಳಕೆ. ಆದರೆ ಭೂತಕಾಲಕ್ಕೆ ಹೊಂದುವುದಿಲ್ಲ, ಆಗ ಅವರೂ 'ಟ್ರೈಡ್ ಟು ರಿಂಗ್' ಅನ್ನುತ್ತಾರೆ. 'ಹೆಲ್ಪ್' ಆದ ಮೇಲೆ 'ಟು' ಬಿಟ್ಟುಬಿಡುವುದೇ ಜಾಸ್ತಿ: 'ಹೆಲ್ಪ್ ಮಿ ಸಿಟ್ ಅಪ್'. ಇಲ್ಲಿ 'ದ ಶೀಟ್ ನೀಡ್ಸ್ ಚೇಂಜಿಂಗ್' ಅನ್ನುವುದನ್ನು ಸ್ಕಾಟ್ಲೆಂಡಿನ ಎಷ್ಟೋ ಜನ 'ನೀಡ್ಸ್ ಚೇಂಜ್ಡ್' ಅನ್ನುತ್ತಾರೆ. ಕೇಳೋಕೆ ನನಗೆ ತುಂಬಾ ಇಷ್ಟ. ಪರೀಕ್ಷೆಯಲ್ಲಿ ಮಾತ್ರ ಹಾಗೆ ಬರೆಯಬೇಡ.

ಬರೆಯುವ ವಿಭಾಗದಲ್ಲಿ ಓದೋಕೆ 5 ನಿಮಿಷ, ಬರೆಯೋಕೆ 40 ನಿಮಿಷ. ಸಾಮಾನ್ಯವಾಗಿ ರೋಗಿಯ ಬಗ್ಗೆ ಒಂದು ಪತ್ರ ಬರೆಯಬೇಕು. ಅಲ್ಲಿ 'ಸಜೆಸ್ಟೆಡ್ ಹಿಮ್ ಟು ರೆಸ್ಟ್' ಅಂತ ನಮ್ಮವರ ಕೈಗೆ ಬಂದುಬಿಡುತ್ತದೆ, 'ರೆಸ್ಟ್ ತಗೊಳ್ಳೋಕೆ ಹೇಳಿದರು' ಅನ್ನುವ ಜನ ಅಲ್ವಾ ನಾವು! 'ಸಜೆಸ್ಟ್' ಅದಕ್ಕೆ ಒಪ್ಪುವುದಿಲ್ಲ, 'ಅಡ್ವೈಸ್ಡ್ ಹಿಮ್ ಟು ರೆಸ್ಟ್' ಅಂತ ಬರಿ. ಕೊನೆಯಲ್ಲಿ 'ಲುಕಿಂಗ್ ಫಾರ್ವರ್ಡ್ ಟು ಹಿಯರ್' ಬೇಡ, 'ಟು ಹಿಯರಿಂಗ್' ಇರಲಿ. ಅಲ್ಲಿನ 'ಟು' ನಾಮಪದ ಕೇಳುವ 'ಟು'.

ನಿನ್ನ ಇಂಗ್ಲಿಷ್ ಚೆನ್ನಾಗಿದೆ, ಹೆದರಬೇಡ. ಈ ವಾರ ಬರೆದ ಪತ್ರವೊಂದರ ಫೋಟೋ ವಾಟ್ಸಾಪ್‌ನಲ್ಲಿ ಕಳಿಸು. ಭಾನುವಾರ ನನಗೆ ರಜೆ, ಕೂತು ಓದಿ ಫೋನ್ ಮಾಡುತ್ತೇನೆ. ಅಪ್ಪನ ಬಿಪಿ ಮಾತ್ರೆ ಮುಗಿಯುವ ಮೊದಲೇ ತಂದಿಡು.

ಇಂತಿ ನಿನ್ನ ಪ್ರೀತಿಯ
ಅಕ್ಕ