ಪಾಪುವಿನ ಥೆರಪಿ ಬಗ್ಗೆ ನಿನಗೊಂದು ಪತ್ರ

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು. ನಿನ್ನ ಪಾಪುವಿಗೆ ಮಾತೂ ನಡಿಗೆಯೂ ತಡವಾಗಿವೆ ಅಂತ ಥೆರಪಿ ನಡೆಯುತ್ತಿದೆ. "ಬೆಳಗಿಂದ ರಾತ್ರಿವರೆಗೂ ಥೆರಪಿ ಮಾಡಿಸ್ತಾನೇ ಇದೀನಿ ದೊಡ್ಡಮ್ಮ, ಆದ್ರೂ ಸಾಲ್ತಿಲ್ಲ ಅನ್ಸುತ್ತೆ, ಇನ್ನೇನು ಮಾಡ್ಲಿ?" ಅಂತ ಫೋನಿನಲ್ಲಿ ಕೇಳಿದೆಯಲ್ಲ, ಅದಕ್ಕೆ ಅವಸರದಲ್ಲಿ ಉತ್ತರ ಕೊಡಲು ಮನಸ್ಸಾಗಲಿಲ್ಲ. ನಿನ್ನ ಅಣ್ಣನನ್ನು ನಾನು ಇದೇ ದಾರಿಯಲ್ಲಿ ಬೆಳೆಸಿದವಳು. ನನ್ನ ಉತ್ತರ ಇಷ್ಟೇ: ಸ್ವಲ್ಪ ಕಡಿಮೆ ಮಾಡು. ನಿನ್ನ ಕೈಯೂ ಮಾತೂ ಆಗಾಗ ನಿಲ್ಲಲಿ. ತಾನೇ ಮಾಡೋದಕ್ಕೆ ಪಾಪುವಿಗೆ ಸಮಯ ಬೇಕು.

ನಿನ್ನನ್ನು ನೀನೇ ದೂರಿಕೊಳ್ಳುವುದನ್ನು ಮೊದಲು ಬಿಡು. ಬಸುರಿಯಾಗಿದ್ದಾಗ ಹಾಗಿರಬೇಕಿತ್ತು, ಹುಟ್ಟಿದ ಮೇಲೆ ಜಾಸ್ತಿ ಮಾತಾಡಿಸಬೇಕಿತ್ತು ಅಂತ ಹುಡುಕುತ್ತಾ ಕೂತರೆ ಸಿಗುವುದು ಸಂಕಟ ಮಾತ್ರ. ಎಷ್ಟೋ ಮಕ್ಕಳಲ್ಲಿ ಕಾರಣ ಇದೇ ಅಂತ ಡಾಕ್ಟರಿಗೂ ಹೇಳಲಾಗುವುದಿಲ್ಲ.

"ಕೆಲವು ಮಕ್ಕಳು ತಡ, ತಾನೇ ಸರಿಹೋಗುತ್ತೆ" ಅನ್ನುವವರ ಮಾತಿಗೂ ಕಿವಿಗೊಡಬೇಡ. ಮಕ್ಕಳಲ್ಲಿ ಹೆಚ್ಚುಕಮ್ಮಿ ಇರುವುದು ನಿಜವೇ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಲೆಕ್ಕ ಪ್ರಕಟಿಸಿತು. ಆರೋಗ್ಯವಾಗಿದ್ದ ಮಕ್ಕಳಲ್ಲಿ ಕೆಲವರು 8 ತಿಂಗಳಿಗೇ ನಡೆದರು, ಕೆಲವರು 17 ತಿಂಗಳು ದಾಟಿದ ಮೇಲೆ. ನೂರಕ್ಕೆ ಸುಮಾರು 4 ಮಕ್ಕಳು ಅಂಬೆಗಾಲೇ ಇಡಲಿಲ್ಲ. ಅಂದರೆ ಸಹಜ ಅನ್ನುವುದಕ್ಕೂ ಬಹಳ ಅಗಲವಿದೆ. ಪಾಪು ಆರು ವಾರ ಮುಂಚೆ ಹುಟ್ಟಿದವನು. ಎರಡು ವರ್ಷದವರೆಗೆ ಆ ಆರು ವಾರ ಕಳೆದೇ ಅವನ ವಯಸ್ಸು ಎಣಿಸಬೇಕು. ಆದರೆ ಹಾಗೆ ಎಣಿಸಿದರೂ ಈಗ ಅವನಿಗೆ ಹತ್ತೊಂಬತ್ತೂವರೆ ತಿಂಗಳು, ಇನ್ನೂ ಹಿಡಿದುಕೊಂಡೇ ನಿಲ್ಲುತ್ತಾನೆ, ಅಂದರೆ ಆ ಅಗಲವನ್ನೂ ದಾಟಿದ್ದಾನೆ. ಹಾಗಾಗಿ ಈಗಲೇ ಥೆರಪಿ ಶುರು ಮಾಡಿದ್ದು ಒಳ್ಳೆಯದಾಯಿತು. ಶುರು ಮಾಡುವುದಕ್ಕೆ ಕಾಯಬಾರದು. ಶುರು ಮಾಡಿದ ಮೇಲೆ ಮಗುವಿಗಾಗಿ ಕಾಯಲೇಬೇಕು.

ಈ ಕಾಯುವುದು ಹೇಗೆ ಅಂತ ಮಾತಿನ ವಿಷಯದಲ್ಲೇ ಹೇಳುತ್ತೇನೆ. ಪಾಪು ಚೆಂಡಿನ ಕಡೆ ಕೈ ಚಾಚಿದ ಕೂಡಲೇ ನೀನು ಕೊಟ್ಟುಬಿಟ್ಟರೆ ಅವನು ಬಾಯಿ ತೆರೆಯುವ ಅಗತ್ಯವೇ ಬೀಳುವುದಿಲ್ಲ. "ಚೆಂಡು ಅನ್ನು, ಹೇಳು ಪುಟ್ಟ, ಚೆಂಡು" ಅಂತ ಒತ್ತಾಯ ಮಾಡಿದರೆ ಆಟ ಪರೀಕ್ಷೆಯಾಗುತ್ತದೆ. ಎರಡೂ ಬೇಡ. ಅವನ ಮುಖಕ್ಕೆ ಎದುರಾಗಿ ನೆಲದಲ್ಲಿ ಕೂತುಕೋ. ಚೆಂಡು ನಿನ್ನ ಕೈಯಲ್ಲಿರಲಿ. "ಚೆಂಡು ಬೇಕಾ?" ಅಂತ ಒಂದೇ ಸಲ ಕೇಳು. ಆಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸು. ಆ ಮೌನ ನಿನಗೆ ಕಷ್ಟವಾಗುತ್ತದೆ, ಗೊತ್ತು. ನಮಗೆ ಥಟ್ಟನೆ ಬರುವ ಮಾತು ಆ ಪುಟ್ಟ ಬಾಯಿಗೆ ದೊಡ್ಡ ಕೆಲಸ. ಕೇಳಿದ್ದನ್ನು ಅರ್ಥ ಮಾಡಿಕೊಳ್ಳಬೇಕು, ಉಸಿರು ಹಿಡಿಯಬೇಕು, ತುಟಿ ನಾಲಿಗೆ ಕೂಡಿಸಬೇಕು. ಒಂದು "ಚ" ಬರಲಿ, ಬರೀ ನೋಟವೇ ಬರಲಿ, ಅದನ್ನೇ ಉತ್ತರ ಅಂತ ತೆಗೆದುಕೊಂಡು ಚೆಂಡು ಕೊಡು. ಕೊಡುವಾಗ ಅವನು ಹೇಳಿದ್ದಕ್ಕಿಂತ ಒಂದೇ ಒಂದು ಹೆಜ್ಜೆ ಮುಂದೆ ಹೋಗು. ಅವನು "ಚ" ಅಂದರೆ ನೀನು "ಚೆಂಡು". ಮುಂದೆ ಅವನೇ "ಚೆಂಡು" ಅನ್ನುವ ದಿನ ಬಂದಾಗ ನೀನು "ದೊಡ್ಡ ಚೆಂಡು".

ಪ್ರಶ್ನೆಗಳನ್ನೂ ಕಡಿಮೆ ಮಾಡು. "ಇದೇನು? ಅದೇನು?" ಅನ್ನುವುದಕ್ಕಿಂತ ಅವನು ನೋಡುತ್ತಿರುವುದನ್ನೇ ಹೇಳುವುದು ಮೇಲು. ಹಕ್ಕಿ ನೋಡುತ್ತಿದ್ದರೆ "ಹಕ್ಕಿ. ಹಾರಿತು." ಸಾಕು.

ಸ್ಪೀಚ್ ಥೆರಪಿಸ್ಟ್ ಕೈಸನ್ನೆ, ಚಿತ್ರದ ಕಾರ್ಡು ಕಲಿಸುತ್ತಿದ್ದಾರೆ, ಇದರಿಂದ ಮಾತು ಇನ್ನೂ ಹಿಂದೆ ಬೀಳುತ್ತಾ ಅಂತ ನಿನ್ನ ಭಯ. ಇಲ್ಲ ಮಗಳೇ. ಸನ್ನೆ, ಚಿತ್ರ ಮಾತಿಗೆ ಅಡ್ಡಬರುವುದಿಲ್ಲ ಅಂತ ಅಧ್ಯಯನಗಳೇ ಹೇಳುತ್ತವೆ. ಎಷ್ಟೋ ಮಕ್ಕಳಿಗೆ ಅದರಿಂದ ಮಾತಿಗೇ ಸಹಾಯವಾಗುತ್ತದೆ. ಹಾಗೇ, ಮನೆಯಲ್ಲಿ ಎರಡು ಭಾಷೆ ಇದೆ ಅಂತ ಒಂದನ್ನು ಬಿಡಬೇಡ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತು ತಡವಾಗುವುದಿಲ್ಲ.

ಕಿವಿ ಪರೀಕ್ಷೆ ಹುಟ್ಟಿದಾಗಲೇ ಆಗಿದೆ ಅಂದೆ. ಇನ್ನೊಂದು ಸಲ ಮಾಡಿಸು. ನೆಗಡಿಯಾದ ಮಕ್ಕಳಿಗೆ ಕಿವಿಯ ತಮಟೆಯ ಹಿಂದೆ ನೀರು ನಿಂತು ಶಬ್ದ ಮಂಕಾಗಿ ಕೇಳಿಸುವುದುಂಟು. ಬಾಗಿಲು ಬಡಿದರೆ ತಿರುಗಿ ನೋಡುತ್ತಾನೆ ಅನ್ನುವುದು ಸಾಲದು. ದೊಡ್ಡ ಸದ್ದು ಕೇಳುವ ಮಗುವಿಗೂ "ಸ"ದಂಥ ಮೆಲ್ಲನೆಯ ಅಕ್ಷರ ಕೇಳದಿರಬಹುದು.

ಇನ್ನು ಕೈಕಾಲಿನ ಮಾತು. ಇಲ್ಲೂ ಅದೇ. ಎತ್ತಿ ನಿಲ್ಲಿಸಬೇಡ, ಏಳುವುದಕ್ಕೆ ಕಾರಣ ಕೊಡು. ಅವನ ಇಷ್ಟದ ಗೊಂಬೆ ಮಂಚದ ಮೇಲಿರಲಿ, ಕೈಗೆ ಸಿಗುವುದಕ್ಕಿಂತ ಒಂದು ಗೇಣು ಮೇಲೆ. ಮಂಡಿಯೂರಿ, ಒಂದು ಕಾಲು ಮುಂದಿಟ್ಟು, ತಾನೇ ಎದ್ದರೆ ಸೊಂಟ, ತೊಡೆ ಎಲ್ಲ ಕೆಲಸ ಮಾಡುತ್ತವೆ. ನೀನು ಸೊಂಟದ ಹತ್ತಿರ ಕೈ ಇಟ್ಟುಕೊಂಡಿರು, ಅಷ್ಟೇ. ಮನೆಯೊಳಗೆ ಬರಿಗಾಲಲ್ಲಿ ಬಿಡು. ಡಾಕ್ಟರೋ ಥೆರಪಿಸ್ಟೋ ಕಾಲಿಗೆ ಪಟ್ಟಿ ಅಥವಾ ವಿಶೇಷ ಶೂ ಹೇಳಿದ್ದರೆ ಮಾತ್ರ ಅವರು ಹೇಳಿದಷ್ಟು ಹೊತ್ತು ಹಾಕು. ಯಾರೋ ಉಡುಗೊರೆ ಕೊಟ್ಟ ಚಕ್ರದ ವಾಕರ್ ಇದೆಯಲ್ಲ, ಅದನ್ನು ಮನೆಯಿಂದಲೇ ಹೊರಗೆ ಹಾಕು. ಅದು ನಡಿಗೆ ಕಲಿಸುವುದಿಲ್ಲ, ಮೇಲಾಗಿ ಬಿದ್ದು ಪೆಟ್ಟಾಗುವ ಅಪಾಯ. ಕೆನಡಾ ದೇಶ 2004ರಲ್ಲೇ ಅದರ ಮಾರಾಟ ನಿಷೇಧಿಸಿತು.

ಸ್ನಾಯುಗಳಲ್ಲಿ ಬಿಗಿ ಕಡಿಮೆಯಿರುವ ಮಗು ಸುಮ್ನೆ ಕೂರುವುದಕ್ಕೂ ಬೇರೆ ಮಕ್ಕಳಿಗಿಂತ ಜಾಸ್ತಿ ದುಡಿಯುತ್ತದೆ. ಅದಕ್ಕೇ ಸಂಜೆಯ ಹೊತ್ತಿಗೆ ಪಾಪು ಅಷ್ಟು ರಗಳೆ ಮಾಡುವುದು. ಅದು ಹಟವಲ್ಲ, ದಣಿವು. ದಣಿದ ಮೇಲೆ ವ್ಯಾಯಾಮ ಮಾಡಿಸಬೇಡ. ಬಟ್ಟೆ ಹಾಕುವಾಗ ತೋಳಿಗೆ ತಾನೇ ಕೈ ತೂರಿಸಲಿ, ಸ್ನಾನದಲ್ಲಿ ಸ್ಪಂಜು ಹಿಂಡಲಿ, ಮೆಟ್ಟಿಲು ಸಿಕ್ಕರೆ ನಿನ್ನ ಕಾವಲಲ್ಲಿ ಹತ್ತಲಿ. ದಿನದೊಳಗೆ ಹೀಗೆ ಬೆರೆತು ಹೋದದ್ದೇ ಉಳಿಯುತ್ತದೆ. ಥೆರಪಿಸ್ಟ್ ಪಾಪುವನ್ನು ಒಳಗೆ ಕರೆದುಕೊಂಡು ಹೋಗಿ ನಿನ್ನನ್ನು ಹೊರಗೆ ಕೂರಿಸುತ್ತಿದ್ದರೆ, ನಾನೂ ಒಳಗೆ ಬರುತ್ತೇನೆ ಅಂತ ಕೇಳು. ವಾರದಲ್ಲಿ ಅವರಿಗೆ ಅವನು ಸಿಗುವುದು ಎಷ್ಟು ಹೊತ್ತು? ಉಳಿದದ್ದೆಲ್ಲ ನಿನ್ನ ಜೊತೆಗೇ. ಅವರು ಕಲಿಸಬೇಕಾದದ್ದು ನಿನಗೂ ಹೌದು.

ನಿನ್ನ ಅಣ್ಣ ಹೆಜ್ಜೆ ಹಾಕಲು ಕಲಿಯುವಾಗ ಅವನ ಮಾತು ತಿಂಗಳುಗಟ್ಟಲೆ ಅಲ್ಲೇ ನಿಂತಿತ್ತು. ಪಾಪುವಿನಲ್ಲೂ ಹಾಗಾದರೆ ಹೆದರಬೇಡ. ಆದರೆ ಬಂದಿದ್ದ ಮಾತು ಹೊರಟುಹೋದರೆ, ಕಲಿತಿದ್ದ ಕೆಲಸ ಮರೆತರೆ, ನೋಟ ಒಂದು ಕಡೆ ನೆಟ್ಟು ಕರೆದರೂ ತಿಳಿಯದಂತಾದರೆ, ಮೈ ಅದುರಿದರೆ, ಒಂದೇ ಕೈ ಬಳಸಿ ಇನ್ನೊಂದನ್ನು ಮುಚ್ಚಿಟ್ಟುಕೊಂಡರೆ, ಮುಂದಿನ ಥೆರಪಿ ದಿನದವರೆಗೆ ಕಾಯಬೇಡ. ಮಕ್ಕಳ ಡಾಕ್ಟರ ಹತ್ತಿರ ಹೋಗು.

ಅಣ್ಣನ ಬಗ್ಗೆ ನಿಜವನ್ನೇ ಹೇಳುತ್ತೇನೆ. ಅವನ ಮಾತು ಇವತ್ತಿಗೂ ಸ್ವಲ್ಪ ನಿಧಾನ, ಅವಸರದಲ್ಲಿ ತಡವರಿಸುತ್ತಾನೆ. ಆದರೆ ತನ್ನ ಕೆಲಸ, ತನ್ನ ಸ್ನೇಹಿತರು, ತನ್ನ ಜಗಳ ಎಲ್ಲ ಅವನೇ ನೋಡಿಕೊಳ್ಳುತ್ತಾನೆ. ಪಾಪು ಎಲ್ಲಿಗೆ ಮುಟ್ಟುತ್ತಾನೆ ಅಂತ ಈಗ ಯಾರೂ ಹೇಳಲಾರರು. ಹೇಳುತ್ತೇವೆ ಅಂದವರನ್ನು ನಂಬಬೇಡ.

ವಾರಕ್ಕೊಂದು ಸಲವಾದರೂ ಅಳಿಯಂದಿರು ಪಾಪುವನ್ನು ಥೆರಪಿಗೆ ಕರೆದುಕೊಂಡು ಹೋಗಲಿ. ಆ ಹೊತ್ತು ನೀನು ಮಲಗು, ಮನೆಕೆಲಸಕ್ಕೆ ಕೂರಬೇಡ. ಮುಂದಿನ ತಿಂಗಳು ನಾನೂ ಬಂದು ಕೆಲವು ದಿನ ಇರುತ್ತೇನೆ. ಅಷ್ಟರಲ್ಲಿ ರಿಪೋರ್ಟುಗಳನ್ನೆಲ್ಲ ತಾರೀಖಿನ ಪ್ರಕಾರ ಒಂದು ಫೈಲಿಗೆ ಸೇರಿಸಿಡು. ಪಾಪು ಎದ್ದು ನಿಲ್ಲುವ ವಿಡಿಯೋವನ್ನು ತಿಂಗಳಿಗೊಂದರಂತೆ ಇಟ್ಟುಕೋ. ದಿನಾ ನೋಡುವ ಕಣ್ಣಿಗೆ ಕಾಣದ ಬದಲಾವಣೆ ಅದರಲ್ಲಿ ಕಾಣುತ್ತದೆ, ಡಾಕ್ಟರಿಗೂ ಬೇಕಾಗುತ್ತದೆ.

ಇಂತಿ,
ನಿನ್ನ ದೊಡ್ಡಮ್ಮ