ಅಪ್ಪಾ, ಬಾವಿ ಹೊಲ ಮಾರಬೇಡಿ

ಟೆಕ್ಸಾಸ್
ಭಾನುವಾರ ರಾತ್ರಿ

ಅಪ್ಪನಿಗೆ, ಅವ್ವನಿಗೆ ನಮಸ್ಕಾರ. ನಾನು ಇಲ್ಲಿ ಆರಾಮಾಗಿದ್ದೇನೆ. ಆಯಿಯ ಮೊಣಕಾಲು ನೋವು ಕಡಿಮೆ ಆಯಿತಾ? ಶಿವು ಓದುತ್ತಿದ್ದಾನೆ ಅಂದುಕೊಂಡಿದ್ದೇನೆ.

ಅಪ್ಪಾ, ನನ್ನ ಪೈಲಟ್ ಕಲಿಕೆಯ ಖರ್ಚಿಗೆ ಬಾವಿ ಹೊಲ ಮಾರುತ್ತೇನೆ ಎಂದು ನೀವು ಬರೆದ ಪತ್ರವನ್ನು ಶಿವು ಫೋಟೊ ತೆಗೆದು ಕಳಿಸಿದ. ಮೂರು ಸಲ ಓದಿದೆ. ಫೋನಿನಲ್ಲಿ ಈ ಮಾತು ಆಡಲು ಹೋದರೆ ನನಗೆ ಅಳು ಬರುತ್ತದೆ, ನೀವು ‘ಇರಲಿ ಬಿಡು’ ಅಂತ ಫೋನನ್ನು ಅವ್ವನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಬಾವಿ ಹೊಲ ಮಾರಬೇಡಿ. ಪ್ಲಾಟ್ ಹಾಕುವವರ ಹತ್ತಿರ ಮುಂಗಡ ಬಯಾನಾ ತೆಗೆದುಕೊಂಡಿಲ್ಲ ತಾನೇ? ತೆಗೆದುಕೊಂಡಿದ್ದರೆ ನಾಳೆಯೇ ವಾಪಸ್ ಕೊಟ್ಟುಬಿಡಿ.

ಉಳಿದ ಫೀಸನ್ನು ಒಂದೇ ಸಲ ಕಟ್ಟಿದರೆ ನೂರಕ್ಕೆ ಐದು ಬಿಡುತ್ತಾರೆ ಎಂದು ಹೋದ ತಿಂಗಳು ನಾನೇ ಹೇಳಿದ್ದೆ. ಹೇಳಬಾರದಿತ್ತು. ಅದರಿಂದ ಉಳಿಯುವುದು ಐವತ್ತೈದು ಸಾವಿರ. ಅಷ್ಟಕ್ಕೆ ಎರಡು ಎಕರೆಯಾ? ನನ್ನ ರೂಮಿನ ಹುಡುಗಿ ಮೊದಲು ಬೇರೆ ಕಡೆ ಕಲಿಯುತ್ತಿದ್ದಳು. ಪೂರ್ತಿ ದುಡ್ಡು ಮೊದಲೇ ಕಟ್ಟಿದ್ದಳು. ಆ ಶಾಲೆ ಬಾಗಿಲು ಹಾಕಿತು, ದುಡ್ಡು ಇವತ್ತಿಗೂ ಬಂದಿಲ್ಲ. ಅದನ್ನು ಕೇಳಿದ ಮೇಲೆ ನಾನು ಹಾರಿದಷ್ಟಕ್ಕೆ ಮಾತ್ರ ಕಟ್ಟುತ್ತಿದ್ದೇನೆ. ಮುಂಗಡ ಅಂತ ಹತ್ತು ಗಂಟೆಯ ದುಡ್ಡಿಗಿಂತ ಜಾಸ್ತಿ ಯಾವತ್ತೂ ಇಡುವುದಿಲ್ಲ.

ಈಗ ಲೆಕ್ಕ ಕೇಳಿ. ನಮ್ಮ ದೇಶದಲ್ಲಿ ಪೈಲಟ್ ಲೈಸೆನ್ಸ್ ಕೊಡುವ ಡಿಜಿಸಿಎಗೆ ಒಟ್ಟು 200 ಗಂಟೆ ಹಾರಿದ್ದು ಬೇಕು. ಅದರಲ್ಲಿ 100 ಗಂಟೆ ನಾನೇ ಕ್ಯಾಪ್ಟನ್ ಆಗಿ ಹಾರಿಸಿರಬೇಕು. ನನ್ನದು 128 ಆಗಿದೆ, 72 ಉಳಿದಿದೆ. ಸೆಸ್ನಾ 172 ಅನ್ನುವ ನಾಲ್ಕು ಸೀಟಿನ ವಿಮಾನಕ್ಕೆ ಗಂಟೆಗೆ 165 ಡಾಲರ್, ಪೆಟ್ರೋಲ್ ಸೇರಿ. ಟೀಚರ್ ಜೊತೆಗೆ ಕೂತರೆ ಇನ್ನೂ 60. ಎರಡು ಸೀಟಿನ ಹಳೆಯ 152 ಆದರೆ 125 ಡಾಲರ್‌ಗೆ ಸಿಗುತ್ತದೆ. ಏಸಿ ಇಲ್ಲ, ಇಕ್ಕಟ್ಟು, ನಿಧಾನ. ಆದರೆ ಗಂಟೆ ಅಂದರೆ ಗಂಟೆಯೇ ಅಲ್ವಾ? 40 ಗಂಟೆ ಅದರಲ್ಲೇ ಹಾರುತ್ತೇನೆ, 1600 ಡಾಲರ್ ಉಳಿಯುತ್ತದೆ. ಪರೀಕ್ಷೆ ತೆಗೆದುಕೊಳ್ಳುವವರ ಫೀಸೂ ಸೇರಿ ಇನ್ನು 11 ಲಕ್ಷ ಬೇಕು. ಬ್ಯಾಂಕ್ ಸಾಲದಲ್ಲಿ ಒಂಬತ್ತೂವರೆ ಬರುವುದಿದೆ. ಕಡಿಮೆ ಬೀಳುವುದು ಒಂದೂವರೆ ಲಕ್ಷ. ತೊಗರಿ ರಾಶಿ ಆದ ಮೇಲೆ ಕಳಿಸಿ, ಸಾಕು. ಹೊಲ ಇದ್ದರೆ ತಾನೇ ತೊಗರಿ?

ಪಾರ್ಟ್ ಟೈಮ್ ಕೆಲಸ ಮಾಡಲಿ ಎಂದು ಮಾಮಾ ಹೇಳಿದರಂತೆ. ನನ್ನ ವೀಸಾದಲ್ಲಿ ಕಲಿಯುವಾಗ ಕೆಲಸ ಮಾಡುವ ಹಾಗಿಲ್ಲ. ಕದ್ದು ಮಾಡಿದರೆ ಕಲಿತದ್ದೆಲ್ಲ ನೀರಿಗೆ ಹೋದ ಹಾಗೆ. ಅದಕ್ಕೇ ಗಳಿಸುವ ಬದಲು ಉಳಿಸುತ್ತಿದ್ದೇನೆ.

ವಿಮಾನದಲ್ಲಿ ಹಾಬ್ಸ್ ಅಂತ ಒಂದು ಮೀಟರ್ ಇರುತ್ತದೆ, ಆಟೋ ಮೀಟರಿನ ಹಾಗೆ. ಎಂಜಿನ್ ಶುರುವಾದರೆ ಅದೂ ಶುರು. ಆರು ನಿಮಿಷಕ್ಕೆ ಒಂದು ಅಂಕಿ ತಿರುಗುತ್ತದೆ. ಒಂದು ಅಂಕಿ ಅಂದರೆ ನಮ್ಮ ಸಾವಿರ ರೂಪಾಯಿಗೂ ಮೇಲೆ. ನೆಲದ ಮೇಲೆ ಸುಮ್ನೆ ನಿಂತರೂ ತಿರುಗುತ್ತದೆ. ಅದಕ್ಕೇ ಎಂಜಿನ್ ಹಚ್ಚುವ ಮೊದಲೇ ನಾನು ಸೀಟು, ಬೆಲ್ಟು, ನಕ್ಷೆ ಎಲ್ಲ ಸರಿ ಮಾಡಿಕೊಳ್ಳುತ್ತೇನೆ, ರೇಡಿಯೊದಲ್ಲಿ ಆಡಬೇಕಾದ ಮಾತನ್ನು ಚೀಟಿಯಲ್ಲಿ ಬರೆದು ತೊಡೆಗೆ ಕಟ್ಟಿಕೊಳ್ಳುತ್ತೇನೆ. ರಾತ್ರಿ ಗೋಡೆಗೆ ಕಾಕ್‌ಪಿಟ್‌ನ ದೊಡ್ಡ ಚಿತ್ರ ಅಂಟಿಸಿ, ಎದುರಿಗೆ ಕುರ್ಚಿ ಹಾಕಿಕೊಂಡು, ಮರುದಿನದ ಪಾಠವನ್ನು ಕೈಯಾಡಿಸಿ ಕಲಿಯುತ್ತೇನೆ. ಕುರ್ಚಿಗೆ ಮೀಟರ್ ಇಲ್ಲ. ಬೇರೆಯವರ ಪಾಠ ಇದ್ದಾಗ ಹಿಂದಿನ ಸೀಟಿನಲ್ಲಿ ಪುಕ್ಕಟೆ ಕೂರುತ್ತೇನೆ. ಅವರ ತಪ್ಪು ನೋಡಿಯೇ ಎಷ್ಟೋ ಕಲಿತಿದ್ದೇನೆ. ನ್ಯಾವಿಗೇಶನ್, ಹವಾಮಾನ, ರೆಗ್ಯುಲೇಶನ್ ಪೇಪರ್‌ಗಳನ್ನು ಬೀದರಿನಲ್ಲೇ ಓದಿ ಮುಗಿಸಿ ಬಂದದ್ದು ಎಷ್ಟು ಒಳ್ಳೆಯದಾಯಿತು ಅಂತ ಈಗ ಗೊತ್ತಾಗುತ್ತಿದೆ.

ಅವ್ವಾ, ನಿನಗೊಂದು ಹೇಳಬೇಕು. ಬೆಳಿಗ್ಗೆ ರೆಕ್ಕೆಯ ಕೆಳಗಿನಿಂದ ಒಂದು ಸಣ್ಣ ಗಾಜಿನಂಥ ಲೋಟಕ್ಕೆ ಪೆಟ್ರೋಲ್ ಬಿಟ್ಟುಕೊಂಡು ಆಕಾಶಕ್ಕೆ ಹಿಡಿದು ನೋಡುತ್ತೇವೆ. ಅದರ ಬಣ್ಣ ನೀಲಿ. ನೀನು ಬಿಳಿ ಬಟ್ಟೆ ಹಿಂಡುವ ಮೊದಲು ಬಕೆಟಿಗೆ ನೀಲಿ ಹಾಕುತ್ತೀಯಲ್ಲ, ಥೇಟ್ ಹಾಗೆ. ನೀರು ಸೇರಿದ್ದರೆ ತಳದಲ್ಲಿ ಬೇರೆಯಾಗಿ ಗುಂಡಗೆ ನಿಲ್ಲುತ್ತದೆ. ಒಂದು ಹನಿ ಕಂಡರೂ ಚೆಲ್ಲಿ ಮತ್ತೆ ಹಿಡಿಯುತ್ತೇನೆ. ಇಷ್ಟು ನೋಡಿಯೇ ಹತ್ತುತ್ತೇನೆ, ನೀನು ಹೆದರಬೇಡ.

ಚೌಬಾರದ ಹತ್ತಿರ ಹೊಲಿಸಿದ ಬಿಳಿ ಅಂಗಿ ಎಲ್ಲಿ ಎಂದು ನೀನು ಕೇಳಿದ್ದೆ. ಮೊದಲ ಸಲ ಒಬ್ಬಳೇ ಹಾರಿ ಇಳಿದ ದಿನ ನಮ್ಮ ಟೀಚರ್ ಕತ್ತರಿ ತಂದು ಅದರ ಬೆನ್ನು ಕತ್ತರಿಸಿಬಿಟ್ಟರು. ಇಲ್ಲಿಯ ಪದ್ಧತಿಯಂತೆ. ಹಿಂದೆ ಟೀಚರ್ ಹಿಂದಿನ ಸೀಟಿನಲ್ಲಿ ಕೂತು ಅಂಗಿ ಜಗ್ಗಿ ಜಗ್ಗಿ ಹೇಳುತ್ತಿದ್ದರಂತೆ. ಒಬ್ಬಳೇ ಹಾರಿದ ಮೇಲೆ ಜಗ್ಗುವುದು ಬೇಡ ಅಂತ ಅರ್ಥ. ಆ ತುಂಡಿನ ಮೇಲೆ ನನ್ನ ಹೆಸರು, ತಾರೀಖು ಬರೆದು ಗೋಡೆಗೆ ಹಾಕಿದ್ದಾರೆ. ಅವರ ಗೋಡೆಯ ಮೇಲೆ ನಮ್ಮ ಬೀದರಿನ ಟೇಲರ್ ಹೊಲಿಗೆ ಇದೆ ಅವ್ವಾ!

ಇಲ್ಲಿ ಸಣ್ಣ ಸಣ್ಣ ಊರಿನಲ್ಲೂ ಏರೋಡ್ರೋಮ್ ಇದೆ. ಟವರ್ ಇಲ್ಲ, ಕಾವಲುಗಾರನೂ ಇಲ್ಲ. ರಾತ್ರಿ ಮೇಲಿನಿಂದಲೇ ರೇಡಿಯೊ ಗುಂಡಿಯನ್ನು ಬೇಗ ಬೇಗ ಒತ್ತಿದರೆ ಕತ್ತಲಲ್ಲಿ ರನ್‌ವೇ ದೀಪಗಳು ಹತ್ತಿಕೊಳ್ಳುತ್ತವೆ. ಶಿವು ನಂಬುವುದಿಲ್ಲ, ವಿಡಿಯೊ ಕಳಿಸುತ್ತೇನೆ. ಇಲ್ಲಿಯವರಿಗೆ ನಾನೂ ನಮ್ಮ ವಾಯುಪಡೆಯ ಸೂರ್ಯಕಿರಣ ತಂಡದ ವಿಡಿಯೊ ತೋರಿಸಿದೆ. ನಮ್ಮ ಮನೆ ಮಾಳಿಗೆಯಿಂದ ಒಂಬತ್ತು ವಿಮಾನ ಒಟ್ಟಿಗೆ ಹೋಗುವುದನ್ನು ನೋಡುತ್ತಾ ಬೆಳೆದವಳು ನಾನು ಅಂದೆ. ಟೀಚರ್ ಎರಡು ಸಲ ನೋಡಿದರು.

ಕಲಬುರಗಿಯಲ್ಲೇ ಕಲಿಯಬಹುದಿತ್ತಲ್ಲ ಎಂದು ಕಾಕಾ ಮತ್ತೆ ಕೇಳಿದ್ದಾರೆ. ಕಲಿಯಬಹುದಿತ್ತು, ಅಲ್ಲಿ ಕಲಿತವರೂ ಚೆನ್ನಾಗಿಯೇ ಹಾರುತ್ತಾರೆ. ನನಗೆ ಬೇಗ ಮುಗಿಯಬೇಕಿತ್ತು. ತಿಂಗಳು ಎಳೆದಷ್ಟೂ ಬಡ್ಡಿ ಏರುತ್ತದೆ, ನಡುವೆ ಬಿಟ್ಟರೆ ಕಲಿತ ಪಾಠಕ್ಕೇ ಮತ್ತೆ ದುಡ್ಡು ಕೊಡಬೇಕಾಗುತ್ತದೆ. ಇಲ್ಲಿ ವಾರಕ್ಕೆ ನಾಲ್ಕು ದಿನವಾದರೂ ಹಾರುತ್ತೇನೆ. ಮುಂದಿನ ವಾರ 300 ನಾಟಿಕಲ್ ಮೈಲಿಯ ಪ್ರಯಾಣ, ನಡುವೆ ಎರಡು ಕಡೆ ಇಳಿಯಬೇಕು. ಬೀದರಿನಿಂದ ಬೆಂಗಳೂರಿಗೆ ನೆಟ್ಟಗೆ ಗೆರೆ ಎಳೆದರೆ ಹೆಚ್ಚುಕಡಿಮೆ ಅಷ್ಟೇ ದೂರ. ಅಷ್ಟನ್ನೂ ನಾನೊಬ್ಬಳೇ.

ಒಂದು ಮಾತು ಮುಚ್ಚಿಡುವುದಿಲ್ಲ ಅಪ್ಪಾ. ಊರಿಗೆ ಬಂದ ಮೇಲೆ ಲೈಸೆನ್ಸ್ ಬದಲಾಯಿಸಿಕೊಳ್ಳಬೇಕು, ದೊಡ್ಡ ವಿಮಾನಕ್ಕೆ ಟೈಪ್ ರೇಟಿಂಗ್ ಅನ್ನುವ ಇನ್ನೊಂದು ತರಬೇತಿ ಬೇರೆ ಆಗಬೇಕು. ಅದಕ್ಕೂ ಲಕ್ಷಗಟ್ಟಲೆ ಬೇಕು. ಹೊಲ ಮಾರುವ ಯೋಚನೆ ಅಲ್ಲಿಂದಲೂ ಬಂತು ಅಂತ ನನಗೆ ಗೊತ್ತು. ಅದನ್ನು ಬಂದ ಮೇಲೆ ಕೂತು ಮಾತಾಡೋಣ. ಬೇಕಾದರೆ ಒಂದು ವರ್ಷ ಪಾಠ ಹೇಳಿಕೊಟ್ಟಾದರೂ ದುಡಿದು ಆಮೇಲೆ ಮಾಡುತ್ತೇನೆ. ಎಳ್ಳ ಅಮಾವಾಸ್ಯೆಗೆ ಅದೇ ಹೊಲದಲ್ಲಿ ಚರಗ ಚೆಲ್ಲಬೇಕು, ಆಯಿ ಬಜ್ಜಿ ಬಡಿಸಬೇಕು. ಪ್ಲಾಟಿನ ಕಲ್ಲು ನೆಟ್ಟ ಕಡೆ ಎಲ್ಲಿ ಕೂತು ಉಣ್ಣೋಣ?

ನಾನು ಸರಿಯಾಗಿ ಊಟ ಮಾಡುತ್ತಿದ್ದೇನೆ. ನಾಲ್ಕು ಜನ ಸೇರಿ ಅಡುಗೆ ಮಾಡುತ್ತೇವೆ, ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿ ಇನ್ನೂ ಇದೆ. ಸೊರಗಿಲ್ಲ, ಜ್ವರ ಇಲ್ಲ, ನಿದ್ದೆಯೂ ಬರುತ್ತದೆ. ಏನೂ ಚಿಂತೆ ಮಾಡಬೇಡಿ, ನಿಜವಾಗಿಯೂ.

ಐದಕ್ಕೆ ಏಳಬೇಕು, ಇಲ್ಲಿಗೆ ನಿಲ್ಲಿಸುತ್ತೇನೆ. ಬಯಾನಾ ವಿಷಯ ಶಿವು ಕೈಲಿ ನಾಳೆಯೇ ಮೆಸೇಜ್ ಮಾಡಿಸಿ.

ನಿಮ್ಮ
ಸುಮಾ