ಚಾಕುವಿನ ಡಬ್ಬಿ ಮೇಲೆ ಉಕ್ಕಿನ ಹೆಸರಿರಲಿ

ಮಾನ್ಯ ಸಂಪಾದಕರೇ,

ನಲವತ್ತು ಸಾವಿರ ಕೊಟ್ಟು ಮಡಚು ಚಾಕು ಕೊಳ್ಳುವವರನ್ನು ಗೇಲಿ ಮಾಡಿದ ಬರಹ ನಿಮ್ಮ ಪುರವಣಿಯಲ್ಲಿ ಬಂದಿತ್ತು. ಓದಿ ನನಗೂ ನಗು ಬಂತು. ಆದರೆ ‘ಅದೂ ಕಬ್ಬಿಣ, ಇದೂ ಕಬ್ಬಿಣ’ ಎಂದದ್ದನ್ನು ಮಾತ್ರ ಒಪ್ಪಲಾರೆ. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವನು ನಾನು. ಈಗ ಶಿರಸಿ ಹತ್ತಿರ ತೋಟ ನೋಡಿಕೊಂಡಿದ್ದೇನೆ, ಕಾಳುಮೆಣಸಿನ ಕಸಿ ಕಟ್ಟುತ್ತೇನೆ.

ಅಂಥ ದುಬಾರಿ ಚಾಕುಗಳಲ್ಲಿ ಒಂದಾದ, ಚಾಕು ತಯಾರಕ ಕ್ರಿಸ್ ರೀವ್ ತಂದ ಸೆಬೆಂಜಾವನ್ನೇ ತಗೊಳ್ಳಿ. ಗೆಳೆಯನ ಹತ್ತಿರ ಹಳೆಯದೊಂದು ಇದೆ, ಬಿಚ್ಚಿ ನೋಡಿದ್ದೇನೆ. ಹಿಡಿ ಟೈಟಾನಿಯಂ. ಅದರದೇ ಒಂದು ಪಟ್ಟಿಯನ್ನು ಸೀಳಿ ಸ್ಪ್ರಿಂಗ್ ಮಾಡಿದ್ದಾರೆ. ಅಲಗು ಬಿಚ್ಚಿದ ಕೂಡಲೇ ಅದು ಸರಿದು ಬುಡಕ್ಕೆ ಆತು ನಿಲ್ಲುತ್ತದೆ, ಅದೇ ಲಾಕ್. ನಿಜವಾದ ಕೆಲಸ ಇರುವುದು ಅಲಗು ತಿರುಗುವ ಜಾಗದಲ್ಲಿ. ಅಲಗಿನ ಎರಡೂ ಕಡೆ ಫಾಸ್ಫರ್ ಬ್ರಾಂಜ್ ವಾಷರ್, ಮಧ್ಯದ ತೂತಿನಲ್ಲಿ ಒಂದು ಬುಶ್, ಅಂದರೆ ಪುಟ್ಟ ಲೋಹದ ಕೊಳವೆ. ಅಲಗು, ವಾಷರ್ ಎಲ್ಲಾ ಸೇರಿ ಎಷ್ಟು ದಪ್ಪವೋ ಬುಶ್ ಅದಕ್ಕಿಂತ ಚೂರೇ ಚೂರು ಉದ್ದ ಇರಬೇಕು. ಮಿಲಿಮೀಟರನ್ನು ನೂರು ಪಾಲು ಮಾಡಿ ಲೆಕ್ಕ ಹಾಕುವಂಥ ಚೂರು. ಜಾಸ್ತಿಯಾದರೆ ಅಲಗು ಅಲ್ಲಾಡುತ್ತದೆ, ಕಮ್ಮಿಯಾದರೆ ಕಚ್ಚಿಕೊಳ್ಳುತ್ತದೆ. ಅಳತೆ ಸರಿ ಇದ್ದರೆ ಸ್ಕ್ರೂ ಪೂರ್ತಿ ಬಿಗಿದರೂ ಅಲಗು ಸಲೀಸಾಗಿ ತಿರುಗುತ್ತದೆ. ಅಗ್ಗದ ಚಾಕುವಿನಲ್ಲಿ ಸ್ಕ್ರೂ ಕಾಲು ಸುತ್ತು ಹಿಂದೆ, ಕಾಲು ಸುತ್ತು ಮುಂದೆ ಅಂತ ನಾವೇ ಒದ್ದಾಡಬೇಕು. ದುಡ್ಡು ಹೋಗುವುದು ಗ್ರೈಂಡಿಂಗಿಗೆ, ಅಳೆಯುವುದಕ್ಕೆ, ಅಳತೆ ತಪ್ಪಿದ್ದನ್ನು ಮುಲಾಜಿಲ್ಲದೆ ಗುಜರಿಗೆ ಎಸೆಯುವುದಕ್ಕೆ.

ಬೆಲೆ ಜಾಸ್ತಿ ಇದ್ದರೇ ಚಾಕು ಒಳ್ಳೆಯದು ಅಂತಲ್ಲ. ಫ್ರಾನ್ಸಿನ ಒಪಿನೆಲ್ 1890ರಿಂದ ಇದೆ. ಮರದ ಹಿಡಿ, 1955ರಲ್ಲಿ ಸೇರಿಸಿದ ತಿರುಗುವ ಬಳೆಯೇ ಲಾಕ್, ಬೆಲೆಯೂ ಕೈಗೆಟುಕುವಂಥದ್ದು. ನಮ್ಮ ಜಡಿಮಳೆಗೆ ಆ ಮರ ಉಬ್ಬಿ ಅಲಗು ಹೊರಗೇ ಬರುವುದಿಲ್ಲ, ಅದು ಬೇರೆ ಮಾತು.

ಈಗ ನಮ್ಮ ಕಸಿ ಚಾಕುವಿನ ಕಥೆ. ಹಿಪ್ಪಲಿ ಬುಡಕ್ಕೆ ಮೆಣಸಿನ ಕುಡಿ ಕೂರಿಸುವಾಗ ಕುಡಿಯ ತುದಿಯನ್ನು ಬೆಣೆ ಥರ ಕೆತ್ತಬೇಕು. ಒಂದೊಂದು ಮುಖವೂ ಒಂದೇ ಎಳೆತಕ್ಕೆ ಸಪಾಟಾಗಿ ಬರಬೇಕು. ಹಿಡಿಯಲ್ಲಿ ಅಲಗು ಅಲ್ಲಾಡಿದರೆ ಮುಖ ಉಬ್ಬುತಗ್ಗಾಗುತ್ತದೆ, ಸಂದಿಗೆ ನೀರು ಹೋಗಿ ಕುಡಿ ಕಪ್ಪಾಗುತ್ತದೆ. ಕಳೆದ ಮಳೆಗಾಲಕ್ಕೆ ಮುಂಚೆ ಪೇಟೆಯಿಂದ ತಂದ ಚಾಕು ಹೊಸದರಲ್ಲೇ ಲಟಪಟ ಅನ್ನುತ್ತಿತ್ತು. ಸಾಣೆ ಹಿಡಿದ ಮಾರನೇ ದಿನಕ್ಕೇ ಮೊಂಡು. ಡಬ್ಬಿ ಮೇಲೆ ಇದ್ದದ್ದು ‘ಸ್ಟೇನ್‌ಲೆಸ್ ಸ್ಟೀಲ್’ ಅಂತ ಮಾತ್ರ. ಕೇಳಿದರೆ ಅಂಗಡಿಯವರು, ‘ಹೆಗಡೇರೆ, ಈಗ ಎಲ್ಲಾ ಬರೋದೇ ಹೀಗೆ’ ಅಂದರು.

ಸ್ಟೇನ್‌ಲೆಸ್ ಅಂದರೆ ಯಾವುದು? ಊಟದ ಚಮಚವೂ ಸ್ಟೇನ್‌ಲೆಸ್ಸೇ ಅಲ್ವಾ? ಗಡಸುತನ ಅಳೆಯುವುದು ರಾಕ್‌ವೆಲ್ ಲೆಕ್ಕದಲ್ಲಿ, ಅಂಕಿ ಹೆಚ್ಚಿದಷ್ಟೂ ಉಕ್ಕು ಗಡಸು. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಮಡಚು ಚಾಕುವಿನದು 56ರ ಆಸುಪಾಸು. ಬೇಗ ಮಸೆಯಬಹುದು, ಆಗಾಗ ಮಸೆಯಲೂ ಬೇಕು. ಸೆಬೆಂಜಾಕ್ಕೆ ಬಳಸಿದ ಎಸ್30ವಿ ಉಕ್ಕಿನದು 60ರ ಹತ್ತಿರ. ಹರಿತ ಜಾಸ್ತಿ ದಿನ ನಿಲ್ಲುತ್ತದೆ, ಆದರೆ ನಮ್ಮ ಮನೆಯ ಸಾಣೆಕಲ್ಲಿಗೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಇಷ್ಟು ಗೊತ್ತಿದ್ದರೆ ಕೊಳ್ಳುವವನು ತನಗೆ ಯಾವುದು ಸಾಕು ಅಂತ ತಾನೇ ನೋಡಿಕೊಳ್ಳುತ್ತಾನೆ.

ಕಸಿ ಚಾಕು ಮಾರುವವರು, ಸಬ್ಸಿಡಿಯಲ್ಲಿ ಹಂಚುವವರು ಉಕ್ಕಿನ ಹೆಸರು, ಗಡಸುತನದ ಅಂಕಿ ಎರಡನ್ನೂ ಡಬ್ಬಿ ಮೇಲೆ ಹಾಕಿಸಲಿ. ರಸಗೊಬ್ಬರದ ಚೀಲದ ಮೇಲೆ ಸಾರಜನಕ ಎಷ್ಟು, ರಂಜಕ ಎಷ್ಟು ಅಂತ ಬರೆಯುವಾಗ ಚಾಕುವಿಗೆ ಮಾತ್ರ ಯಾಕೆ ವಿನಾಯಿತಿ?

– ನಿವೃತ್ತ ಫಿಟ್ಟರ್, ಶಿರಸಿ ತಾಲೂಕು